ಸೂತ್ರ ಮತ್ತು ಸಮಾಜ: ಅಷ್ಟಾಧ್ಯಾಯಿಯ ಸಾಕ್ಷ್ಯದ ಮಿತಿ

ಸುಮಾರು 4,000 ಸೂತ್ರಗಳ ಅಷ್ಟಾಧ್ಯಾಯಿಯು ಪದಸಾಧನೆಗಾಗಿ ರಚಿತವಾದ ಶಾಸ್ತ್ರ. ಸಮಾಜವರ್ಣನೆ ಅದರ ಉದ್ದೇಶವಲ್ಲ. ಆದ್ದರಿಂದಲೇ ಅದರಲ್ಲಿ ಆನುಷಂಗಿಕವಾಗಿ ಬರುವ ನಾಡು, ವೃತ್ತಿ, ನಾಣ್ಯಗಳ ಹೆಸರುಗಳಿಗೆ ವಿಶೇಷ ಪ್ರಾಮಾಣ್ಯವಿದೆ. ಈ ಸಾಮಗ್ರಿಯನ್ನು ವ್ಯಾಪಕವಾಗಿ ಒಗ್ಗೂಡಿಸಿದ ಹಿರಿಮೆ ವಾಸುದೇವಶರಣ ಅಗ್ರವಾಲರದು. ಆದರೆ 1953ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥವು ಸೂತ್ರಗಳೊಂದಿಗೆ ಮಹಾಭಾಷ್ಯ, ಕಾಶಿಕೆಗಳ ಉದಾಹರಣೆಗಳನ್ನೂ ಬಳಸಿಕೊಳ್ಳುತ್ತದೆ. ಪಾಣಿನಿಗೂ ಕ್ರಿ.ಶ. 7ನೆಯ ಶತಮಾನದ ಕಾಶಿಕೆಗೂ ನಡುವೆ ಸುಮಾರು ಸಾವಿರ ವರ್ಷಗಳ ಅಂತರವಿದೆ. ಇವೆಲ್ಲವನ್ನೂ ಒಂದೇ ಕಾಲದ ಚಿತ್ರವೆಂದು ಓದಲಾಗದು.

‘ಯವನಾನೀ’ ಪದವನ್ನು ಗಮನಿಸಬಹುದು. ಪಾಣಿನಿಯು (4.1.49) ‘ಯವನ’ ಶಬ್ದದ ಸ್ತ್ರೀಲಿಂಗರೂಪವನ್ನು ಸಾಧಿಸುತ್ತಾನಷ್ಟೆ, ಅದು ಯವನರ ಲಿಪಿ ಎಂಬ ಅರ್ಥನಿರ್ದೇಶ ಕಾತ್ಯಾಯನನ ವಾರ್ತಿಕದ್ದು.

ಇದಕ್ಕಿಂತ ಗಂಭೀರವಾದುದು 2.4.10ನೆಯ ಸೂತ್ರ. ‘ಅನಿರವಸಿತ’ರಾದ, ಎಂದರೆ ಹೊರಗಿಡದ, ಶೂದ್ರರನ್ನು ಹೇಳುವ ಪದಗಳ ದ್ವಂದ್ವಸಮಾಸಕ್ಕೆ ಅದು ಏಕವಚನವನ್ನು ವಿಧಿಸುತ್ತದೆ. ಹೊರಗಿಟ್ಟವರೂ ಇದ್ದರೆಂಬುದು ಇದರಿಂದ ಸಿದ್ಧ. ಆದರೆ ಎಲ್ಲಿಂದ ಹೊರಗೆ ಎಂಬುದನ್ನು ಸೂತ್ರ ಹೇಳದು. ಪತಂಜಲಿಯು ಆರ್ಯಾವರ್ತ, ಆರ್ಯರ ವಸತಿ, ಯಜ್ಞಕರ್ಮ ಎಂಬ ಅರ್ಥಗಳನ್ನು ಒಂದೊಂದಾಗಿ ನಿರಾಕರಿಸಿ, ಉಂಡ ಪಾತ್ರೆ ಶುದ್ಧಿಯಾಗುವುದೇ ಇಲ್ಲವೇ ಎಂಬ ನಿಕಷಕ್ಕೆ ಬರುತ್ತಾನೆ.

ಸೂತ್ರವು ಬಹಿಷ್ಕಾರಕ್ಕೆ ಮಾತ್ರ ಸಾಕ್ಷಿ. ಪಾತ್ರೆಯ ನಿಕಷ ಸುಮಾರು ಕ್ರಿ.ಪೂ. 2ನೆಯ ಶತಮಾನದ ಭಾಷ್ಯಕಾರನದು. ಈ ಭೇದವನ್ನು ಮರೆತರೆ ಅಸ್ಪೃಶ್ಯತೆಯ ಚರಿತ್ರೆಯ ಕಾಲಗಣನೆಯೇ ದಾರಿ ತಪ್ಪುತ್ತದೆ.