ಮುಯ್ಯಿ, ದಾನ ಮತ್ತು ಎಳ್ಳು: ಕೊಡುಗೆಯ ನಂಬಿಕೆಗಳನ್ನು ಕುರಿತು ಒಂದು ವಿಮರ್ಶೆ

ನಮ್ಮ ಜನಪದ ಸಂಗ್ರಾಹಕರಲ್ಲಿ ಅನೇಕರು ಹಾಡು, ಗಾದೆ, ಒಗಟುಗಳಿಗೆ ತೋರಿದ ಆದರವನ್ನು ಜನರ ನಂಬಿಕೆಗಳಿಗೆ ತೋರಿದಂತೆ ಕಾಣುವುದಿಲ್ಲ. ಗ್ರಂಥದ ಕೊನೆಯಲ್ಲಿ ‘ಮೂಢನಂಬಿಕೆಗಳು’ ಎಂಬ ತಲೆಬರಹದ ಕೆಳಗೆ ನಾಲ್ಕಾರು ಪುಟಗಳ ಪಟ್ಟಿಯೊಂದು ಬರುತ್ತದೆ. ಬೆಕ್ಕು ಅಡ್ಡಬಂದದ್ದು, ಹಲ್ಲಿ ಲೊಚಗುಟ್ಟಿದ್ದು, ಒಂಟಿ ಸೀನು, ಇವುಗಳ ನಡುವೆಯೇ ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ದೀಪ ಹಚ್ಚಿದ ಮೇಲೆ ಹಾಲು ಮೊಸರು ಹೊರಗೆ ಹೋಗಬಾರದು, ಬರಿಯ ಪಾತ್ರೆಯನ್ನು ಹಿಂದಿರುಗಿಸಬಾರದು ಎಂಬ ನಿಷೇಧಗಳೂ ಸೇರಿಹೋಗುತ್ತವೆ. ಪಟ್ಟಿಯಲ್ಲಿ ವಸ್ತುವಿನ ಹೆಸರಿರುತ್ತದೆ; ಕೊಟ್ಟವರು ಯಾರು, ತೆಗೆದುಕೊಂಡವರು ಯಾರು, ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಬಂದಿತೆ ಎಂಬುದು ಇರುವುದಿಲ್ಲ. ಕೊಡುಗೆಯ ವಿಷಯದಲ್ಲಿ ಈ ಲೋಪವು ಅಲ್ಪವಾದುದಲ್ಲ. ಬಿಟ್ಟುಹೋದ ಆ ಸಂಗತಿಯಲ್ಲಿಯೇ ನಂಬಿಕೆಯ ಅರ್ಥವಿದೆ ಎಂಬುದು ನಮ್ಮ ಅಭಿಪ್ರಾಯ.

ಇಂತಹ ನಿಷೇಧಗಳಿಗೆ ತರಗತಿಗಳಲ್ಲಿ ಸಾಮಾನ್ಯವಾಗಿ ಕೊಡುವ ವಿವರಣೆ ಫ್ರೇಜರನದು. ಒಮ್ಮೆ ಸಂಪರ್ಕದಲ್ಲಿದ್ದ ವಸ್ತುಗಳು ಅಗಲಿದ ಮೇಲೂ ಒಂದರ ಮೇಲೊಂದು ಪ್ರಭಾವ ಬೀರುತ್ತವೆಂದು ಜನ ನಂಬುತ್ತಾರೆ ಎಂಬ ಅವನ ಸಂಸರ್ಗ ನಿಯಮವು, 1890ರಲ್ಲಿ ‘ಗೋಲ್ಡನ್ ಬೋ’ ಮೊದಲು ಪ್ರಕಟವಾದಂದಿನಿಂದ ಎಲ್ಲ ಬೀಗಗಳಿಗೂ ಒಂದೇ ಕೀಲಿಕೈಯಾಗಿ ಬಳಕೆಯಾಗಿದೆ. ಇದನ್ನು ಉಪ್ಪಿಗೆ ಅನ್ವಯಿಸಿ ನೋಡೋಣ. ನೆರೆಮನೆಯಾಕೆ ಉಪ್ಪು ಕೇಳಿದಾಗ ನಮ್ಮ ಗೃಹಿಣಿಯು ಅದನ್ನು ಬಟ್ಟಲಿಗೆ ಹಾಕಿ ಕೆಳಗಿಡುತ್ತಾಳೆ. ಆಕೆ ಅದನ್ನು ಎತ್ತಿಕೊಳ್ಳುತ್ತಾಳೆ. ಕೈಗೆ ಕೊಟ್ಟರೆ ಜಗಳವಾಗುತ್ತದೆಯಂತೆ. ಭಯವು ಸಂಪರ್ಕದ್ದಾಗಿದ್ದರೆ ಕೆಳಗಿಟ್ಟುದರಿಂದ ಆದ ಲಾಭವೇನು? ಉಪ್ಪನ್ನು ಮುಟ್ಟಿದ ಕೈ ಅದೇ ಕೈ. ತಿನ್ನುವ ಬಾಯಿ ಅದೇ ಬಾಯಿ. ತಪ್ಪಿಹೋದುದು ಒಂದೇ: ಕೊಡುವ ಕೈಗೂ ಕೊಳ್ಳುವ ಕೈಗೂ ಆಗಬಹುದಾಗಿದ್ದ ಭೇಟಿ. ಉಪ್ಪಿನ ಋಣವನ್ನು ಎಲ್ಲ ಋಣಗಳಿಗಿಂತ ದೊಡ್ಡದೆಂದು ಎಣಿಸುವ ಜನ ಒಂದು ಹಿಡಿ ಉಪ್ಪಿಗಾಗಿ ನೆರೆಹೊರೆಯವರನ್ನು ಋಣಿಗಳನ್ನಾಗಿ ಮಾಡಲು ಒಪ್ಪುವುದಿಲ್ಲ. ಉಪ್ಪು ದಾಟುತ್ತದೆ, ‘ಕೊಟ್ಟೆ’ ಎಂಬ ಕ್ರಿಯೆ ಮಾತ್ರ ನಡೆಯುವುದಿಲ್ಲ. (ಕತ್ತರಿ, ಕುಡುಗೋಲುಗಳನ್ನು ಕೆಳಗಿಟ್ಟು ಕೊಡುವುದಕ್ಕೆ ಇಷ್ಟು ದೂರ ಹೋಗಬೇಕಾಗಿಲ್ಲ, ಅಲ್ಲಿ ಅಲಗಿನ ಭಯವೇ ಸಾಕು.)

ಎಳ್ಳಿನ ಉದಾಹರಣೆ ಇದಕ್ಕಿಂತಲೂ ಬೋಧಪ್ರದವಾದುದು. ಎಳ್ಳು ಪಿತೃಗಳಿಗೆ ತರ್ಪಣದ ದ್ರವ್ಯ. ಶನಿಯ ಪ್ರೀತ್ಯರ್ಥವಾಗಿ ದಾನಕೊಡುವ ಧಾನ್ಯ. ಒಂದು ಸಂಬಂಧವನ್ನು ಶಾಶ್ವತವಾಗಿ ಬಿಟ್ಟುಕೊಟ್ಟವನು ಅದಕ್ಕೆ ಎಳ್ಳುನೀರು ಬಿಟ್ಟನೆಂದೇ ನಮ್ಮ ನುಡಿ ಹೇಳುತ್ತದೆ. ಬರಿಯ ಎಳ್ಳನ್ನು ಸ್ನೇಹಿತರ ಕೈಗೆ ಕೊಡಬಾರದೆಂಬ ಕಟ್ಟಳೆ ಇಲ್ಲಿಂದ ಹುಟ್ಟಿದೆ. ಆದರೆ ಇದೇ ಎಳ್ಳು ಮಕರ ಸಂಕ್ರಾಂತಿಯ ದಿನ ಬೆಲ್ಲ, ಕೊಬ್ಬರಿ, ಕಡಲೆಕಾಯಿಬೀಜ, ಹುರಿಗಡಲೆಗಳೊಡನೆ ಸೇರಿ, ಕಬ್ಬಿನ ತುಂಡು ಸಕ್ಕರೆ ಅಚ್ಚುಗಳ ಜೊತೆಯಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ‘ಎಳ್ಳು ಬೀರುವುದು’ ಎಂದರೆ ಹೊಸ ಸೀರೆಯುಟ್ಟ ಹೆಣ್ಣುಮಕ್ಕಳು ತಟ್ಟೆ ಹಿಡಿದು ಓಣಿಯ ಮನೆಮನೆಗೂ ಹೋಗಿಬರುವ ಸಂಭ್ರಮ. ಉತ್ತರದ ಜಿಲ್ಲೆಗಳಲ್ಲಿ ಕುಸುರೆಳ್ಳು ಕೊಟ್ಟು ಹಿರಿಯರಿಗೆ ನಮಸ್ಕರಿಸುತ್ತಾರೆ. ಸಂಬಂಧವನ್ನು ಕಡಿಯುವ ದ್ರವ್ಯವೇ ಇಲ್ಲಿ ಸಂಬಂಧವನ್ನು ಬೆಸೆಯುವ ದ್ರವ್ಯವಾಯಿತು. ಅದು ಕರಿಯೆಳ್ಳು, ಇದು ಬಿಳಿಯೆಳ್ಳು ಎಂದು ಆಕ್ಷೇಪಿಸುವವರುಂಟು; ನಾವು ಬಲ್ಲ ಮನೆಗಳಲ್ಲಿ ಬಿಳಿಯೆಳ್ಳನ್ನೂ ಬೆಲ್ಲವಿಲ್ಲದೆ ಬೀರಿದ್ದಿಲ್ಲ. ಹಾಗಾದರೆ ಅಮಂಗಳವು ಎಳ್ಳಿನ ಗುಣವಲ್ಲ. ಸಂಕ್ರಾಂತಿಯ ಎಳ್ಳಿಗೆ ಪ್ರತಿಯಾಗಿ ಎದುರು ಮನೆಯಿಂದಲೂ ಎಳ್ಳು ಬರುತ್ತದೆ. ಶನಿದಾನದ ಎಳ್ಳಿಗೆ ಪ್ರತಿಯಾಗಿ ಏನೂ ಬರಬಾರದು. ಭೇದವಿರುವುದು ಇಷ್ಟರಲ್ಲಿ.

ಈ ಭೇದಕ್ಕೆ ಕನ್ನಡದಲ್ಲಿ ಬೇರೆಬೇರೆ ಹೆಸರುಗಳೇ ಇವೆ. ಒಂದು ಮುಯ್ಯಿ, ಇನ್ನೊಂದು ದಾನ. ಮುಯ್ಯಿ ಎಂಬುದು ನಮ್ಮ ಭಾಷೆಯ ಬಹು ಗಂಭೀರವಾದ ಶಬ್ದಗಳಲ್ಲೊಂದು. ಮದುವೆಯಲ್ಲಿ ಓದಿಸುವ ಉಡುಗೊರೆಯೂ ಮುಯ್ಯಿ, ತೀರಿಸಿಕೊಳ್ಳುವ ಸೇಡೂ ಮುಯ್ಯಿ. ಒಬ್ಬರ ಹೊಲದಲ್ಲಿ ಇಂದು ದುಡಿದು ನಾಳೆ ಅವರಿಂದ ಅಷ್ಟೇ ದುಡಿಮೆಯನ್ನು ಪಡೆಯುವವರು ಮುಯ್ಯಾಳುಗಳು. ಉಪಕಾರಕ್ಕೂ ಅಪಕಾರಕ್ಕೂ ಒಂದೇ ಶಬ್ದವಿರುವುದನ್ನು ಕಂಡು ಬೆರಗಾಗಬೇಕಾಗಿಲ್ಲ. ಎರಡೂ ಲೆಕ್ಕದ ಪುಸ್ತಕದಲ್ಲಿ ಉಳಿದ ಬಾಕಿಗಳು. ಪುಸ್ತಕವೆಂಬುದು ಇಲ್ಲಿ ಅಲಂಕಾರದ ಮಾತಲ್ಲ. ಮದುವೆಯ ಮನೆಯಲ್ಲಿ ಒಬ್ಬರು ಕುಳಿತು ಇಂಥವರಿಂದ ಇಷ್ಟು ಎಂದು ಕೂಗಿ ಬರೆದುಕೊಳ್ಳುವ ಪದ್ಧತಿಯಿತ್ತು, ಕೆಲವೆಡೆ ಇನ್ನೂ ಇದೆ. ಆ ಮನೆಯಲ್ಲಿ ಮದುವೆಯಾದಾಗ ಪುಸ್ತಕವನ್ನು ತೆಗೆದು ನೋಡಿ, ಬಂದದ್ದಕ್ಕಿಂತ ಸ್ವಲ್ಪ ಹೆಚ್ಚು ಮುಯ್ಯಿ ಹಾಕುತ್ತಾರೆ. ಸರಿಸಮವಾಗಿ ಹಾಕುವುದು ಒಳ್ಳೆಯದಲ್ಲ, ಲೆಕ್ಕ ಚುಕ್ತವಾದಂತಾಗುತ್ತದೆ. ನೂರಕ್ಕೆ ಒಂದು, ಐನೂರಕ್ಕೆ ಒಂದು ಸೇರಿಸಿ 101, 501 ಎಂದು ಕೊಡುವ ರೂಢಿಯೂ, ನೆರೆಮನೆಯ ಪಾತ್ರೆಯನ್ನು ಹಿಂದಿರುಗಿಸುವಾಗ ತಳದಲ್ಲಿ ಒಂದು ಬೆಲ್ಲದ ಚೂರನ್ನೋ ನಾಲ್ಕು ಕಾಳು ಅಕ್ಕಿಯನ್ನೋ ಇಡುವ ರೂಢಿಯೂ ಇದೇ ಬುದ್ಧಿಯ ಫಲವೆಂದು ತೋರುತ್ತದೆ. ಸೊನ್ನೆಯೂ ಬರಿಯ ಪಾತ್ರೆಯೂ ಒಂದೇ ಮಾತನ್ನು ಹೇಳುತ್ತವೆ: ಇಲ್ಲಿಗೆ ಮುಗಿಯಿತು ಎಂದು. ಜನ ಅಂಜುವುದು ಆ ಮಾತಿಗೆ.

ಇಷ್ಟರಮಟ್ಟಿಗೆ ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ ಕೊಡುಗೆಯ ಪ್ರಬಂಧವು ನಮ್ಮ ಮುಯ್ಯಿಗೆ ಭಾಷ್ಯ ಬರೆದಂತಿದೆ. ಕೊಡಬೇಕು, ಸ್ವೀಕರಿಸಬೇಕು, ಹಿಂದಿರುಗಿಸಬೇಕು ಎಂಬ ಮೂರು ಕಟ್ಟುಪಾಡುಗಳನ್ನು ಅವನು ಪಾಲಿನೇಷ್ಯ, ಮೆಲನೇಷ್ಯಗಳಿಂದ ಹಿಡಿದು ಪ್ರಾಚೀನ ರೋಮಿನವರೆಗೆ ತೋರಿಸಿದ. ಜರ್ಮನ್ ಭಾಷೆಯಲ್ಲಿ ‘ಗಿಫ್ಟ್’ ಎಂದರೆ ವಿಷ ಎಂಬುದರ ಮೇಲೆ ಅವನದು ಪ್ರತ್ಯೇಕವಾದ ಒಂದು ಚಿಕ್ಕ ಲೇಖನವೇ ಇದೆ. ಮುಯ್ಯಿಯ ಎರಡು ಅರ್ಥಗಳು ಅವನಿಗೆ ತಿಳಿದಿದ್ದರೆ ಸಂತೋಷಪಡುತ್ತಿದ್ದನು. ಆದರೆ ಅನುಶಾಸನಪರ್ವದ ದಾನಧರ್ಮವನ್ನೂ ಅದೇ ಸೂತ್ರದಲ್ಲಿ ಪೋಣಿಸಲು ಹೊರಟಾಗ ಅವನ ವಾದವು ಸಡಿಲಾಗುತ್ತದೆ. ದಾನಕ್ಕೆ ಲೌಕಿಕವಾದ ಪ್ರತಿಫಲವಿಲ್ಲ. ಪಡೆದವನು ಹಿಂದಿರುಗಿಸಿದರೆ ಅದು ದಾನವೇ ಅಲ್ಲ. ಕಾಶಿಯ ಅಪರಕರ್ಮದ ಪುರೋಹಿತರ ನಡುವೆ ಕೆಲಸ ಮಾಡಿದ ಜೊನಾಥನ್ ಪ್ಯಾರಿ 1986ರ ಲೇಖನದಲ್ಲಿ ಈ ತೊಡಕನ್ನು ಎತ್ತಿ ತೋರಿಸಿದರು: ಇಲ್ಲಿ ಕೊಡುಗೆಯೊಡನೆ ದಾನಿಯ ಪಾಪವೂ ಹೋಗುತ್ತದೆ, ಆದುದರಿಂದ ಅದು ಹಿಂದಿರುಗಕೂಡದು. ಉತ್ತರ ಪ್ರದೇಶದ ಒಂದು ಹಳ್ಳಿಯನ್ನು ಕುರಿತ ಗ್ಲೋರಿಯಾ ರಾಹೆಜ ಅವರ 1988ರ ಗ್ರಂಥಕ್ಕೆ ‘ಕೊಡುಗೆಯೊಳಗಣ ವಿಷ’ ಎಂಬ ಅರ್ಥದ ಹೆಸರೇ ಇದೆ.

ನಮ್ಮಲ್ಲಿಯೂ ಈ ಬಗೆಯ ದಾನಗಳು ಹೇರಳವಾಗಿವೆ. ಗ್ರಹಣದ ಅರಿಷ್ಟಕ್ಕಾಗಿ ಕೊಡುವ ಧಾನ್ಯ, ಶನಿಗಾಗಿ ಕೊಡುವ ಎಳ್ಳು, ಎಣ್ಣೆ, ಕಬ್ಬಿಣ, ಇವೆಲ್ಲ ಹೊಸ್ತಿಲು ದಾಟಿ ಹೋಗಬೇಕಾದವು, ಮತ್ತೆ ಬರಬಾರದವು. ನಮ್ಮ ಸಂಗ್ರಹಗಳ ಮೌನವನ್ನು ನಾವು ಹೆಚ್ಚು ಕಠಿಣವಾಗಿ ಖಂಡಿಸಬೇಕಾದುದು ಇಲ್ಲಿ. ಕೊಡುವವನ ನಂಬಿಕೆಯನ್ನು ಬರೆದುಕೊಂಡವರು ತೆಗೆದುಕೊಂಡವನ ಮಾತನ್ನು ಕೇಳಲಿಲ್ಲ. ಒಬ್ಬನಿಗೆ ಪರಿಹಾರವಾದುದು ಇನ್ನೊಬ್ಬನ ಮನೆಗೆ ಏನಾಗಿ ಹೋಯಿತು? ಬಡತನದಿಂದಲೋ ಜಾತಿಯ ಕಟ್ಟಿನಿಂದಲೋ ಬೇಡವೆನ್ನಲಾಗದವನು ಅದನ್ನು ಹೊತ್ತ. ಮುಯ್ಯಿಯ ನಂಬಿಕೆಗಳನ್ನು ಮೂಢವೆಂದು ಕರೆಯಲು ನಾವು ಹಿಂಜರಿಯುತ್ತೇವೆ. ದಾನದ ಈ ನಂಬಿಕೆಗಳ ವಿಷಯದಲ್ಲಿ ನಮಗೆ ಅಂತಹ ದಾಕ್ಷಿಣ್ಯವಿಲ್ಲ. ಒಂದೇ ತಲೆಬರಹದ ಕೆಳಗೆ ಎರಡನ್ನೂ ಬರೆದವರು ಮೊದಲನೆಯದಕ್ಕೂ ಅನ್ಯಾಯ ಮಾಡಿದರು, ಎರಡನೆಯದರ ಕ್ರೌರ್ಯವನ್ನೂ ಮರೆಮಾಡಿದರು.

ಎರಡರ ಗಡಿಯಲ್ಲಿ ನಿಲ್ಲುವ ಕೊಡುಗೆಗಳೂ ಇಲ್ಲದಿಲ್ಲ. ಸ್ವರ್ಣಗೌರಿಯ ಹಬ್ಬದ ಮೊರದ ಬಾಗಿನವನ್ನು ನೋಡಿ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಸಿನ ಕುಂಕುಮ, ಬಳೆ, ಕನ್ನಡಿ, ರವಿಕೆಯ ಕಣ ಇವನ್ನು ತುಂಬಿದ ಮೊರಕ್ಕೆ ಇನ್ನೊಂದು ಮೊರವನ್ನು ಮುಚ್ಚಿ, ಸೆರಗನ್ನು ಹೊದಿಸಿ ಕೊಡುತ್ತಾರೆ. ವ್ರತದ ವಿಧಿಯಲ್ಲಿ ಅದು ದಾನ. ಆದರೆ ಮುತ್ತೈದೆಯರು ಅದನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ, ತವರಿನಿಂದಲೂ ಮಗಳಿಗೆ ಬಾಗಿನ ಬರುತ್ತದೆ. ವಿಧಿ ದಾನವೆಂದುದನ್ನು ಹೆಂಗಸರು ಮುಯ್ಯಿಯನ್ನಾಗಿ ಮಾಡಿಕೊಂಡಿದ್ದಾರೆ.

ಇಂದು ಅಂಗಡಿಗಳಲ್ಲಿ ಒಂದು ರೂಪಾಯಿಯ ನಾಣ್ಯವನ್ನು ಅಂಟಿಸಿದ ಲಕೋಟೆಗಳೇ ದೊರೆಯುತ್ತವೆ; ಮೇಲಿನ ಒಂದನ್ನು ಅಂಗಡಿಯವನೇ ಸೇರಿಸಿಕೊಡುತ್ತಾನೆ. ಇನ್ನೊಂದು ಕಡೆ ಲಗ್ನಪತ್ರಿಕೆಗಳಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿರುತ್ತದೆ. ಇದನ್ನು ಸುಧಾರಣೆಯೆಂದು ಹೊಗಳುವವರು, ಹತ್ತು ಮದುವೆಗಳಲ್ಲಿ ಆ ಮನೆಯಿಂದ ಮುಯ್ಯಿ ಪಡೆದವರು ಪತ್ರಿಕೆಯನ್ನು ಓದಿ ಏನೆಂದುಕೊಳ್ಳುತ್ತಾರೆಂಬುದನ್ನೂ ವಿಚಾರಿಸಬೇಕು. ಅವರಿಗೆ ಅದು ಔದಾರ್ಯವಾಗಿ ಕಾಣದೆ, ತಮ್ಮ ಬಾಕಿಯನ್ನು ಸಲ್ಲಿಸಲು ಬಾಗಿಲು ಮುಚ್ಚಿದಂತೆಯೂ ಕಾಣಬಹುದು. ಇನ್ನು ಕೇಳಿ ಪಡೆಯುವ ವರದಕ್ಷಿಣೆಯು ಮುಯ್ಯಿಯೂ ಅಲ್ಲ, ದಾನವೂ ಅಲ್ಲ. ಅದನ್ನು 1961ರ ಶಾಸನವು ನಿಷೇಧಿಸಿತು. ಕೇಳದೆ ಬಂದ ಉಡುಗೊರೆಗಳನ್ನು ಪಟ್ಟಿಮಾಡಿ ಇಡಬೇಕೆಂದು 1985ರ ನಿಯಮಗಳು ವಿಧಿಸಿದವು. ಆ ಪಟ್ಟಿಯಲ್ಲಿ ಉಡುಗೊರೆಯ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ವಧೂವರರಿಗೆ ಏನಾಗಬೇಕು ಎಂಬುದು ಇರತಕ್ಕದ್ದು. ನಮ್ಮ ನಂಬಿಕೆಗಳ ಪಟ್ಟಿಗಳಲ್ಲಿ ಇಲ್ಲದ ಕಲಮು ಇದೇ.