ಕಾರಿನ ಪರದೆಯ ಮೇಲಿನ ಅಡ್ಡಪಟ್ಟಿಗಳು: ಫಿಲ್ಟರ್ ರೂಢಿಯ ಒಂದು ವಿಮರ್ಶೆ

ಕಾರಿಗೆ ಹೊರಗಿನಿಂದ ತಂದ ಹಿಂಬದಿ ಕ್ಯಾಮೆರಾವನ್ನೋ ಸೀಟಿನ ಬೆನ್ನಿಗೆ ಕೂರಿಸುವ ಪರದೆಯನ್ನೋ ಅಳವಡಿಸಿದಾಗ, ಎಂಜಿನ್ ಚಾಲೂ ಆದ ಕೂಡಲೇ ಚಿತ್ರದ ಮೇಲೆ ಅಡ್ಡಪಟ್ಟಿಗಳು ತೆವಳತೊಡಗುವುದು ಹಳೆಯ ತೊಂದರೆ. ಕಾರಣವನ್ನು ಹುಡುಕುವ ಮೊದಲೇ ವಿದ್ಯುತ್ ತಂತಿಗೆ ಫಿಲ್ಟರ್ ಜೋಡಿಸಿಬಿಡುವುದು ಇದಕ್ಕೆ ಬಳಕೆಯಲ್ಲಿರುವ ಪರಿಹಾರ. ಹಾಡು ಕೇಳುವಾಗಿನ ಗುಂಯ್‌ಗುಡುವಿಕೆ ಕಿರಿಕಿರಿಯಷ್ಟೇ ಆದರೆ, ಕಾರಿನ ಹಿಂದೆ ನಿಂತ ಮಗುವನ್ನು ತೋರಿಸಬೇಕಾದ ಚಿತ್ರ ಕದಡುವುದು ಸುರಕ್ಷತೆಯ ಪ್ರಶ್ನೆಯಾದ್ದರಿಂದ, ಈ ರೂಢಿಯನ್ನು ಗಂಭೀರವಾಗಿ ಪರಿಶೀಲಿಸುವುದು ಅಗತ್ಯ.

ಹಳದಿ ಪ್ಲಗ್ಗಿನ ತಂತಿಯಲ್ಲಿ ಹರಿಯುವ ಕಾಂಪೋಸಿಟ್ ವಿಡಿಯೊ, ಅಂದರೆ ಬೆಳಕು, ಬಣ್ಣ, ಸಾಲುಗಳ ಹೊಂದಾಣಿಕೆ ಎಲ್ಲವನ್ನೂ ಒಂದೇ ತಂತಿಯಲ್ಲಿ ಸಾಗಿಸುವ ಸಂಕೇತ, ಒಟ್ಟು 1 ವೋಲ್ಟಿನಷ್ಟು ಮಾತ್ರ ಇರುತ್ತದೆ. ಅದರಲ್ಲಿ ಸುಮಾರು 0.3 ವೋಲ್ಟ್ ಸಾಲುಗಳನ್ನು ಜೋಡಿಸುವ ಸಿಂಕ್ ಮಿಡಿತಗಳಿಗೆ ಹೋಗಿ, ಚಿತ್ರಕ್ಕೆ ಉಳಿಯುವುದು 0.7 ವೋಲ್ಟ್. ಕಾರಿನಲ್ಲಿ ಲೋಹದ ಒಡಲೇ ಎಲ್ಲ ಉಪಕರಣಗಳ ವಿದ್ಯುತ್ತಿಗೂ ಮರಳುದಾರಿ. ಅದರ ಎರಡು ಬಿಂದುಗಳ ನಡುವೆ 0.005 ಓಮ್ ರೋಧವಿದ್ದು 10 ಆಂಪಿಯರ್ ಹರಿದರೆ 50 ಮಿಲಿವೋಲ್ಟಿನ ವ್ಯತ್ಯಾಸ ಹುಟ್ಟುತ್ತದೆ. ಇದು ಚಿತ್ರಭಾಗದ ಶೇಕಡಾ 7ರಷ್ಟು. ಕ್ಯಾಮೆರಾ ಡಿಕ್ಕಿಯ ಬಳಿ, ಪರದೆ ಡ್ಯಾಶ್‌ಬೋರ್ಡಿನ ಬಳಿ ಬೇರೆಬೇರೆಯಾಗಿ ಒಡಲಿಗೆ ತಾಗಿಕೊಂಡಿದ್ದರೆ, ಈ ವ್ಯತ್ಯಾಸದಿಂದ ವಿಡಿಯೊ ತಂತಿಯ ಹೊರಜಾಲರಿಯಲ್ಲಿ ವಿದ್ಯುತ್ ಹರಿದು ಚಿತ್ರದೊಳಗೆ ಬೆರೆಯುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ.

ಪಟ್ಟಿಗಳನ್ನು ಓದಲು ಬಲ್ಲವರಿಗೆ ಅವು ತಮ್ಮ ಮೂಲವನ್ನು ತಾವೇ ಹೇಳುತ್ತವೆ. ಆರು ಜೊತೆ ಧ್ರುವಗಳುಳ್ಳ ಆಲ್ಟರ್ನೇಟರ್, ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ, ಎರಡೂವರೆ ಪಟ್ಟಿನ ಪುಲ್ಲಿಯಿಂದಾಗಿ 2,000 ಸುತ್ತು ತಿರುಗಿ, ಆರು ಡಯೋಡುಗಳ ಮೂಲಕ ಸೆಕೆಂಡಿಗೆ 1,200 ಅಲೆಗಳುಳ್ಳ ಡಿ.ಸಿ. ಕೊಡುತ್ತದೆ, ಸೆಕೆಂಡಿಗೆ 50 ಬಾರಿ ಬರೆಯಲ್ಪಡುವ ಪಾಲ್ ಮಾದರಿಯ ವಿಡಿಯೊ ಚಿತ್ರದಲ್ಲಿ ಅದು ಸುಮಾರು 24 ಪಟ್ಟಿಗಳಾಗಿ ಕಾಣುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಪಟ್ಟಿಗಳು ಹೆಚ್ಚಿ ತೆಳುವಾದರೆ ಆಲ್ಟರ್ನೇಟರ್ ಕಡೆಗೆ ಬೆರಳು ತೋರಿಸಬಹುದು. ಓರೆಗೆರೆಗಳ ಬಲೆ ಕಂಡರೆ ಅಗ್ಗದ ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಆರಿಸಿ ನೋಡಬೇಕು.

ಇಷ್ಟು ತಿಳಿದ ಮೇಲೆ ಫಿಲ್ಟರಿನ ಮಿತಿ ಸ್ಪಷ್ಟವಾಗುತ್ತದೆ. ಸುರುಳಿ ಮತ್ತು ಕೆಪಾಸಿಟರ್ ಸೇರಿದ ಈ ಸಾಧನ ಪಾಸಿಟಿವ್ ತಂತಿಯ ಅಲೆಗಳನ್ನು ತಗ್ಗಿಸಬಲ್ಲದೇ ಹೊರತು, ನೆಗೆಟಿವ್ ದಾರಿಯಲ್ಲಿ ಸುತ್ತುವ ಲೂಪನ್ನು ಮುಟ್ಟುವುದೇ ಇಲ್ಲ. ರಿವರ್ಸ್ ದೀಪಕ್ಕೆ ನಿರಂತರ ವೋಲ್ಟೇಜಿನ ಬದಲು ಮಿಡಿತಗಳನ್ನು ಕಳಿಸುವ ಕೆಲವು ಕಾರುಗಳಲ್ಲಿ, ಆ ದೀಪದಿಂದಲೇ ಕ್ಯಾಮೆರಾಕ್ಕೆ ವಿದ್ಯುತ್ ತೆಗೆದಾಗ, ಫಿಲ್ಟರ್ ನಿಜಕ್ಕೂ ಉಪಕಾರಿ ಎಂಬುದನ್ನು ಒಪ್ಪಬೇಕು. ಆದರೆ ಆಡಿಯೊಗೆಂದು ಮಾಡಿದ ಐಸೊಲೇಟರನ್ನು ವಿಡಿಯೊ ತಂತಿಗೆ ಹಾಕುವುದು ಸರಿಯಲ್ಲ: 20 ಕಿಲೋಹರ್ಟ್ಸ್‌ವರೆಗೆ ಮಾತ್ರ ನಂಬಬಹುದಾದ ಅದರೊಳಗಿನ ಟ್ರಾನ್ಸ್‌ಫಾರ್ಮರ್, 5 ಮೆಗಾಹರ್ಟ್ಸ್‌ವರೆಗೆ ಹರಡಿದ ಚಿತ್ರವನ್ನು ಕೊಂದೇ ಬಿಡುತ್ತದೆ. ಇನ್ನೂ ಕೆಟ್ಟದ್ದು ಹೊರಜಾಲರಿಯನ್ನು ಒಂದು ತುದಿಯಲ್ಲಿ ಕತ್ತರಿಸುವ ಉಪಾಯ. ಆ ಜಾಲರಿಯೇ ಸಂಕೇತದ ಮರಳುದಾರಿಯಾದ್ದರಿಂದ, ಕತ್ತರಿಸಿದರೆ ಸಂಕೇತ ಗದ್ದಲ ತುಂಬಿದ ಒಡಲಿನ ಮೂಲಕವೇ ಮರಳಬೇಕಾಗುತ್ತದೆ.

ಹಣ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಲೋಹದ ಒಡಲಿಗೆ ತಾಗದಂತೆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಬೇರೊಂದು 12 ವೋಲ್ಟ್ ಬ್ಯಾಟರಿಯಿಂದ ನಡೆಸಬೇಕು. ಆಗಲೂ ಪಟ್ಟಿ ಉಳಿದರೆ ದೋಷ ಪರದೆಯ ಕಡೆಯದು, ಇಲ್ಲವೇ ವಿದ್ಯುತ್ ತಂತಿಯ ಪಕ್ಕದಲ್ಲೇ ಸಾಗುವ ವಿಡಿಯೊ ಕೇಬಲಿನದು. ಪಟ್ಟಿ ಮಾಯವಾದರೆ, ಆ ಬ್ಯಾಟರಿಯ ನೆಗೆಟಿವ್ ತುದಿಯನ್ನಷ್ಟೇ ಡಿಕ್ಕಿಯ ಲೋಹಕ್ಕೆ ಜೋಡಿಸಬೇಕು. ಮರಳಿ ಬಂದರೆ ಲೂಪ್, ಬಾರದಿದ್ದರೆ ವಿದ್ಯುತ್ ಪೂರೈಕೆಯ ದೋಷ, ಅಂದರೆ ಫಿಲ್ಟರಿಗೆ ಸಲ್ಲುವ ಏಕೈಕ ಪ್ರಸಂಗ.

ಲೂಪಿಗೆ ಸರಿಯಾದ ಮದ್ದು ಕ್ಯಾಮೆರಾದ ನೆಗೆಟಿವ್ ತಂತಿಯನ್ನು ಪರದೆ ಭೂಸಂಪರ್ಕ ಪಡೆದ ಬಿಂದುವಿಗೇ ತಂದು ಕಟ್ಟುವುದು, ಲೋಹದ ಕ್ಯಾಮೆರಾವಾದರೆ ರಬ್ಬರ್ ವಾಷರಿನಿಂದ ಅದನ್ನು ಒಡಲಿನಿಂದ ಬೇರ್ಪಡಿಸುವುದು. ಕಾರಿನ ಒಳಹೊದಿಕೆ ಬಿಚ್ಚಿ ನಾಲ್ಕೈದು ಮೀಟರ್ ತಂತಿ ಎಳೆಯುವ ಶ್ರಮ ಇದರಲ್ಲಿದೆ ನಿಜ, ಆದರೆ ತೊಂದರೆ ಬುಡದಿಂದ ಹೋಗುವುದು ಇದರಿಂದಲೇ. ಬ್ಯಾಟರಿ ಪರೀಕ್ಷೆ ಮಾಡದೆ ಫಿಲ್ಟರ್ ಜೋಡಿಸಿ ಕಳಿಸುವ ಕೆಲಸವನ್ನು ದುರಸ್ತಿ ಎಂದು ಒಪ್ಪಲಾಗದು. ಕಾರಿನ ಮಾಲೀಕರು ಹಣ ಕೊಡುವ ಮೊದಲು ಆ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.