ಸನ್ನತಿಯ ಪ್ರಾಕೃತ ಶಾಸನಗಳು: ಪಾಠ ಮತ್ತು ಪೂರಣ

ಸಗರನಾಡಿನ ಅಂಚಿನಲ್ಲಿ ಹರಿಯುವ ಭೀಮೆಯ ಎಡದಂಡೆಯ ಸನ್ನತಿ ಮತ್ತು ಕನಗನಹಳ್ಳಿಗಳು ದೇಶವಿದೇಶಗಳ ಪ್ರಾಕೃತಜ್ಞರನ್ನು ಒಂದೇ ವ್ಯಾಸಂಗದಲ್ಲಿ ಕೂಡಿಸಿದ ಕ್ಷೇತ್ರಗಳು. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯಲ್ಲಿ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನಶಿಲೆಯೆಂಬುದು 1980ರ ದಶಕದಲ್ಲಿ ತಿಳಿದುಬಂದಿತು. ಎರಡು ಮುಖಗಳಲ್ಲಿಯೂ ಬರಹವುಳ್ಳ ಈ ಶಿಲೆಯ ನಡುವೆ ವಿಗ್ರಹವನ್ನು ನಿಲ್ಲಿಸಲು ರಂಧ್ರ ಕೊರೆದುದರಿಂದ ಪಾಠವು ತ್ರುಟಿತವಾಗಿದೆ.

ಕೇಂಬ್ರಿಜ್ಜಿನ ಕೆ. ಆರ್. ನಾರ್ಮನ್ 1991ರಲ್ಲಿಯೂ, ಐ. ಕೆ. ಶರ್ಮ ಮತ್ತು ಜೆ. ವರಪ್ರಸಾದ ರಾವ್ 1993ರಲ್ಲಿಯೂ ಈ ಶಿಲೆಯ ಬರಹವನ್ನು ಕುರಿತು ಪ್ರಕಟಿಸಿದರು. ಕನಗನಹಳ್ಳಿಯ ಸ್ತೂಪವನ್ನು ಕೆ. ಪಿ. ಪೂಣಚ್ಚ ಅವರು ಉತ್ಖನನ ಮಾಡಿ ವರದಿ ನೀಡಿದರೆ, ಅಲ್ಲಿಯ ಶಾಸನಗಳನ್ನು ಮಾಯ್ಕೊ ನಕಾನಿಶಿ ಮತ್ತು ಓಸ್ಕರ್ ಫಾನ್ ಹಿನ್ಯೂಬರ್ 2014ರಲ್ಲಿ ಟೋಕಿಯೊದಿಂದ ಸಂಪಾದಿಸಿದರು. ಅಗೆದವರ ಶ್ರಮವಿಲ್ಲದೆ ಓದಿದವರ ಪಾಂಡಿತ್ಯಕ್ಕೆ ಆಧಾರವಿರುತ್ತಿರಲಿಲ್ಲ. ಓದುವವರಿಲ್ಲದೆ ಅಗೆದುದು ಮೂಕವಾಗಿಯೇ ಉಳಿಯುತ್ತಿತ್ತು.

ಇಂತಹ ಸಹಕಾರ್ಯದ ಯೋಗ್ಯತೆಯನ್ನು ಅಳೆಯಬೇಕಾದುದು ಹೆಸರುಗಳ ಸಂಖ್ಯೆಯಿಂದಲ್ಲ, ಪಾಠಶುದ್ಧಿಯಿಂದ. ಒಡೆದ ಶಾಸನದಲ್ಲಿ ಕಲ್ಲು ಹೇಳುವುದು ಒಂದು, ಅನ್ಯಪ್ರತಿಗಳ ಬಲದಿಂದ ಸಂಪಾದಕನು ತುಂಬುವುದು ಇನ್ನೊಂದು. ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ 11ರಿಂದ 13ರವರೆಗಿನ ಶಿಲಾಶಾಸನಗಳಿಲ್ಲ. ಅವುಗಳ ಬದಲು ಎರಡು ಪ್ರತ್ಯೇಕ ಶಾಸನಗಳಿವೆ. ಸನ್ನತಿಯಲ್ಲಿಯಾದರೋ 12 ಮತ್ತು 14ನೆಯ ಶಾಸನಗಳ ಭಾಗಗಳೊಡನೆ ಆ ಪ್ರತ್ಯೇಕ ಶಾಸನಗಳ ಭಾಗಗಳೂ ದೊರೆತಿವೆ. ಕಳಿಂಗದ ಕ್ರಮವನ್ನೇ ಪ್ರಮಾಣವೆಂದು ಭಾವಿಸಿ ಸನ್ನತಿಯ ಲೋಪಗಳನ್ನು ತುಂಬಿದರೆ, ಈ ಕಲ್ಲು ಮಾತ್ರವೇ ನುಡಿಯುವ ಸಾಕ್ಷ್ಯವು ಅಳಿಸಿಹೋದೀತು. ತಾಳೆಯೋಲೆಯ ಸಂಪಾದನೆಯಲ್ಲಿ ಪ್ರತ್ಯಂತರವನ್ನು ಮೂಲದೊಳಗೆ ಬೆರೆಸಬಾರದೆಂಬ ನಿಯಮವು ಇಲ್ಲಿಗೂ ಸಲ್ಲುತ್ತದೆ. ಪೂರಣವನ್ನು ಆವರಣಚಿಹ್ನೆಯಿಂದ ತೋರಿಸಿ, ಯಾರು ಏನನ್ನು ಕಂಡರು, ಯಾರು ಏನನ್ನು ಊಹಿಸಿದರು ಎಂಬುದನ್ನು ನಮೂದಿಸಿದಾಗಲೇ ದೂರದೇಶದ ವಿದ್ವಾಂಸನು ಕಲ್ಲನ್ನು ಕಾಣದೆಯೂ ವಿವೇಚಿಸಬಲ್ಲನು.

ಇನ್ನೊಂದು ಕೊರತೆಯನ್ನು ಹೇಳದಿರಲಾಗದು. ಮೇಲೆ ಹೆಸರಿಸಿದ ಲೇಖನಗ್ರಂಥಗಳ ಭಾಷೆ ಇಂಗ್ಲಿಷು. 12ನೆಯ ಶಾಸನದ 'ಪಾಸಂಡ' ಶಬ್ದವು ಯಾವುದೇ ಧಾರ್ಮಿಕ ಪಂಥವನ್ನು ನಿಂದೆಯಿಲ್ಲದೆ ಸೂಚಿಸುತ್ತದೆ. 'ಪಾಷಂಡಿ'ಯನ್ನು ಬೈಗುಳವೆಂದೇ ಬಲ್ಲ ಕನ್ನಡಿಗನಿಗೆ ಈ ವಿವರಣೆ ಅತ್ಯವಶ್ಯ. ಸ್ವಪಂಥವನ್ನು ಹೊಗಳಿ ಪರಪಂಥವನ್ನು ಹಳಿಯುವವನು ಸ್ವಪಂಥಕ್ಕೇ ಹಾನಿ ಮಾಡುತ್ತಾನೆಂಬ ಆ ಶಾಸನದ ಆಶಯವು ಪ್ರಾಕೃತಪರಂಪರೆಯ ಜೈನ ಓದುಗನಿಗೆ ಅಪರಿಚಿತವಲ್ಲ. ದೇಶಾಂತರದ ವಿದ್ವತ್ತು ನಿರ್ಣಯಿಸಿದ ಪಾಠವು ಸಟಿಪ್ಪಣವಾಗಿ ಕನ್ನಡಕ್ಕೆ ಬಂದು ಭೀಮೆಯ ದಂಡೆಯನ್ನು ಮುಟ್ಟುವವರೆಗೆ ಈ ಸಹಕಾರ್ಯವು ಅರ್ಧಸಿದ್ಧಿಯೇ ಸರಿ.